ಶಾಲೆಯ ಗೇಟಿಗೆ ಕಾಯಂ ಪೊಲೀಸ್ ಬೇಕೆ? ನಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಎದ್ದ ಪ್ರಶ್ನೆ

ಆಳಂದ ರಸ್ತೆಯ ಪಾಲಕ

ಎಲ್ಲರಿಗೂ ನಮಸ್ಕಾರ. ಕಲಬುರಗಿ ನಗರದ ಅಂಚಿನಲ್ಲಿರುವ ಒಂದು ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನು ಸದಸ್ಯನಾಗಿದ್ದೇನೆ. ಕಳೆದ ತಿಂಗಳು 9ನೇ ತರಗತಿಯ ಇಬ್ಬರು ಹುಡುಗರ ನಡುವೆ ನೀರಿನ ನಳದ ಹತ್ತಿರ ಜಗಳವಾಗಿ, ಕಂಪಾಸ್ ಪೆಟ್ಟಿಗೆಯಲ್ಲಿದ್ದ ಪೆನ್ಸಿಲ್ ಕೆತ್ತುವ ಬ್ಲೇಡಿನಿಂದ ಒಬ್ಬನ ಮುಂಗೈಗೆ ಗಾಯವಾಗಿ ಮೂರು ಹೊಲಿಗೆ ಬಿದ್ದವು. ಇದರ ಜೊತೆಗೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಹೊರಗಿನ ನಾಲ್ಕೈದು ಹುಡುಗರು ಬೈಕ್ ತಂದು ಗೇಟಿನ ಎದುರು ನಿಲ್ಲಿಸಿಕೊಂಡು, ಹೆಣ್ಣುಮಕ್ಕಳು ದಾಟುವವರೆಗೂ ಹಾರ್ನ್ ಹೊಡೆಯುತ್ತಲೇ ಇರುತ್ತಾರೆ. ಶನಿವಾರದ ಸಭೆಯಲ್ಲಿ ಪಾಲಕರೆಲ್ಲ ಒಂದೇ ದನಿಯಲ್ಲಿ, ಶಾಲೆಗೆ ಕಾಯಂ ಒಬ್ಬ ಪೊಲೀಸನನ್ನು ಕೊಡಬೇಕೆಂದು ಆಯುಕ್ತರಿಗೆ ಮನವಿ ಸಲ್ಲಿಸೋಣ ಎಂದರು. ಮುಖ್ಯಗುರುಗಳು ಸಭೆಯಲ್ಲಿ ಏನೂ ಹೇಳಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಅವರು ನನಗೆ ಹೇಳಿದ್ದು ಇಷ್ಟು: "ಗೇಟಿಗೆ ಪೊಲೀಸರು ಬಂದ ದಿನದಿಂದ ನನ್ನ ಮಾತಿಗೆ ಈ ಮಕ್ಕಳಲ್ಲಿ ಬೆಲೆ ಇರೋದಿಲ್ರೀ." ಅಂದಿನಿಂದ ನನಗೂ ಗೊಂದಲವಾಗಿದೆ. ಮನವಿಗೆ ಸಹಿ ಹಾಕಲೋ ಬೇಡವೋ? ತಿಳಿದವರು ಹೇಳಿರಿ.

ಶಹಾಬಜಾರದ ಅಣ್ಣ

ಇದರಲ್ಲಿ ಗೊಂದಲವೇನಿದೆ? ಒಂದು ವಾರ ಲಾಠಿ ಕಣ್ಣಿಗೆ ಬಿದ್ದರೆ ಬೈಕಿನ ಹುಡುಗರು ಆ ಓಣಿಯನ್ನೇ ಮರೆಯುತ್ತಾರೆ. ಸಹಿ ಹಾಕಿರಿ.

ನಿವೃತ್ತ ಮುಖ್ಯಗುರು, ಸೇಡಂ

ನಾನು 31 ವರ್ಷ ಪಾಠ ಹೇಳಿದವನು. ನಮ್ಮ ಭಾಗದ ಶಾಲೆಗಳಿಗೆ ಪೊಲೀಸರು ಬರುವುದು ಎರಡೇ ಸಂದರ್ಭದಲ್ಲಿ: ಒಂದು ಚುನಾವಣೆ, ಇನ್ನೊಂದು ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಹೀಗಾಗಿ ಖಾಕಿ ಎಂದರೆ ಕಿಟಕಿಯಿಂದ ಚೀಟಿ ಎಸೆಯುವವರನ್ನು ಓಡಿಸುವ ಬಟ್ಟೆ ಎಂಬುದೇ ನಮ್ಮ ಮಕ್ಕಳ ತಿಳುವಳಿಕೆ.

ಬಿಸಿಯೂಟ ಆರಂಭವಾದ ಮೊದಲ ವರ್ಷಗಳಲ್ಲಿ ನಮ್ಮ ಶಾಲೆಯ ಕೋಣೆಯಿಂದ ಅರ್ಧ ಚೀಲ ಅಕ್ಕಿ ಕಳುವಾಯಿತು. ನಾನೇ ಠಾಣೆಗೆ ತಿಳಿಸಿದೆ. ಬಂದ ಪೇದೆ ನನ್ನ ಕುರ್ಚಿಯಲ್ಲಿ ಕುಳಿತು, ಹಾಜರಿ ಪುಸ್ತಕ ತರಿಸಿಕೊಂಡು, ತಾಂಡಾದಿಂದ ಬರುವ ಮೂವರು ಹುಡುಗರ ಹೆಸರಿನ ಮುಂದೆ ಗುರುತು ಹಾಕಿ ಅವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿದ. ಕೈ ಮಾಡಲಿಲ್ಲ, ನಿಜ. ಆದರೆ ಬಾಗಿಲ ಬಳಿ ನಿಂತಿದ್ದ ಉಳಿದ ಮಕ್ಕಳೆಲ್ಲ ಆ ಮೂವರ ಮುಖ ನೋಡಿದರು. ಅಕ್ಕಿ ಒಯ್ದವನು ಊರಿನ ದೊಡ್ಡ ಮನುಷ್ಯನೊಬ್ಬನ ಆಳು ಎಂದು ತಿಂಗಳ ನಂತರ ಗೊತ್ತಾಯಿತು. ಅಷ್ಟರಲ್ಲಿ ಮೂವರ ಪೈಕಿ ಇಬ್ಬರು ತಂದೆತಾಯಿಯ ಬೆನ್ನು ಹತ್ತಿ ಪುಣೆಗೆ ದುಡಿಯಲು ಹೋಗಿಬಿಟ್ಟಿದ್ದರು, ಮತ್ತೆ ಶಾಲೆಯ ಮುಖ ನೋಡಲಿಲ್ಲ. ಆ ಹಾಜರಿ ಪುಸ್ತಕವನ್ನು ಅವನ ಕೈಗೆ ಕೊಟ್ಟವನು ನಾನೇ ಎಂಬುದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ.

ಖಾಕಿ ಕನಸು

ಗುರುಗಳೇ, ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಒಬ್ಬ ಪೇದೆಯ ತಪ್ಪಿಗೆ ಇಡೀ ವ್ಯವಸ್ಥೆಯನ್ನು ಅಳೆಯಬಾರದು. ನಾನು ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವನು. ಪೊಲೀಸರು ಲಾಠಿಯಿಲ್ಲದೆಯೂ ಶಾಲೆಗೆ ಬರಬಹುದು ಎಂಬುದಕ್ಕೆ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆಯೇ ಸಾಕ್ಷಿ. 2010ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಆರಂಭವಾದ ಈ ಯೋಜನೆಯನ್ನು ಕೇಂದ್ರ ಗೃಹ ಇಲಾಖೆ 2018ರ ಜುಲೈನಲ್ಲಿ ದೇಶದಾದ್ಯಂತ ವಿಸ್ತರಿಸಿತು. 8 ಮತ್ತು 9ನೇ ತರಗತಿಯ ಮಕ್ಕಳಿಗೆ ಸಂಚಾರ ನಿಯಮ, ಮಾದಕ ವಸ್ತುಗಳ ಅಪಾಯ, ಹೆಣ್ಣುಮಕ್ಕಳ ಸುರಕ್ಷತೆ ಮುಂತಾದ ವಿಷಯಗಳನ್ನು ಪೊಲೀಸರೂ ಶಿಕ್ಷಕರೂ ಸೇರಿ ಹೇಳಿಕೊಡುತ್ತಾರೆ. ನಮ್ಮ ರಾಜ್ಯದ ಠಾಣೆಗಳಲ್ಲಿ 'ತೆರೆದ ಮನೆ' ಕಾರ್ಯಕ್ರಮವೂ ಇದೆ. ಅದರಲ್ಲಿ ಶಾಲಾ ಮಕ್ಕಳನ್ನೇ ಠಾಣೆಗೆ ಕರೆಸಿ ವೈರ್‌ಲೆಸ್ಸು, ಲಾಕಪ್ಪು, ದೂರಿನ ಪುಸ್ತಕ ಎಲ್ಲವನ್ನೂ ತೋರಿಸುತ್ತಾರೆ.

ನಿವೃತ್ತ ಮುಖ್ಯಗುರು, ಸೇಡಂ

ತಮ್ಮಾ, ಕೆಡೆಟ್ ಯೋಜನೆ ಒಳ್ಳೆಯದೇ. ಆದರೆ ಅದು ಪಾಠ, ಇಲ್ಲಿ ಕೇಳುತ್ತಿರುವುದು ಕಾವಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ.

ಕೋರ್ಟ್ ರಸ್ತೆ ವಕೀಲ

ಮೂಲ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರಿಸುತ್ತೇನೆ. ಮಕ್ಕಳಿಗಾಗಿಯೇ ಒಬ್ಬ ಪೊಲೀಸ್ ಅಧಿಕಾರಿ ನಿಮ್ಮ ಠಾಣೆಯಲ್ಲಿ ಈಗಾಗಲೇ ಇರಬೇಕು, ಹೊಸದಾಗಿ ಬೇಡುವ ಅಗತ್ಯವೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 107ನೇ ಕಲಮಿನ ಪ್ರಕಾರ ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗಿಂತ ಕಡಿಮೆಯಿಲ್ಲದ ಒಬ್ಬರನ್ನು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ನೇಮಿಸಬೇಕು. ಇವರೆಲ್ಲರ ಮೇಲೆ ಜಿಲ್ಲೆಗೊಂದು ವಿಶೇಷ ಘಟಕ, ಅದಕ್ಕೆ ಡಿವೈಎಸ್‌ಪಿ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಮುಖ್ಯಸ್ಥರು, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಮಹಿಳೆ.

ಇನ್ನು ಬ್ಲೇಡಿನ ಜಗಳ. ಅಂಥ ಪ್ರಕರಣದಲ್ಲಿ ಹುಡುಗನ ಮೇಲೆ ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ. ಘೋರ ಅಪರಾಧವಾಗಿದ್ದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಎಫ್‌ಐಆರ್, ಉಳಿದದ್ದಕ್ಕೆ ಠಾಣೆಯ ದಿನಚರಿಯಲ್ಲಿ ನಮೂದಿಸಿ, ಹುಡುಗನ ಮನೆಯ ಸ್ಥಿತಿಗತಿಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳುಹಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ಹಾಕುವಂತಿಲ್ಲ. ಗೇಟಿನಲ್ಲಿ ಲಾಠಿ ಹಿಡಿದು ನಿಲ್ಲುವ ಪೇದೆಗೆ ಇದ್ಯಾವುದರ ತರಬೇತಿಯೂ ಇರುವುದಿಲ್ಲ. ಮಕ್ಕಳ ಜಗಳದಲ್ಲಿ ಅವನು ಕೈ ಹಾಕಿದರೆ ನಿಮ್ಮ ಶಾಲೆಯ ಚಿಕ್ಕ ವಿಷಯ ದೊಡ್ಡದಾಗುತ್ತದೆ.

ಆಳಂದ ರಸ್ತೆಯ ಪಾಲಕ

ವಕೀಲರೇ, ಸಭೆಯಲ್ಲಿದ್ದ ಹದಿನೆಂಟು ಜನರಲ್ಲಿ ಒಬ್ಬರಿಗೂ ಈ ಅಧಿಕಾರಿಯ ವಿಷಯ ಗೊತ್ತಿರಲಿಲ್ಲ. ಠಾಣೆಗೆ ಹೋಗಿ ವಿಚಾರಿಸುತ್ತೇನೆ.

ಹೆಡ್ ಕಾನ್‌ಸ್ಟೆಬಲ್ ಮನೆಯವರು

ನಮ್ಮ ಮನೆಯವರು ಇಲಾಖೆಯಲ್ಲಿ 19 ವರ್ಷದಿಂದ ಇದ್ದಾರೆ. ಲಾಠಿ ಕಂಡರೆ ಓಡುತ್ತಾರೆ ಎಂದು ಬರೆದ ಅಣ್ಣನವರು ಆ ಲಾಠಿ ಹಿಡಿದವನ ದಿನಚರಿಯನ್ನೂ ಒಮ್ಮೆ ಕೇಳಬೇಕು. ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸು, ಗಣಪತಿ ವಿಸರ್ಜನೆ, ಮಂತ್ರಿಗಳ ಪ್ರವಾಸ, ಪರೀಕ್ಷೆ, ಚುನಾವಣೆ ಎಲ್ಲದಕ್ಕೂ ಅದೇ ಠಾಣೆಯ ಅದೇ ಜನ ಬಂದೋಬಸ್ತಿಗೆ ಹೋಗಬೇಕು. ನಗರದಲ್ಲಿರುವಷ್ಟು ಶಾಲೆಗಳಿಗೆ ತಲಾ ಒಬ್ಬರನ್ನು ಕೊಟ್ಟರೆ ಠಾಣೆಯಲ್ಲಿ ದೂರು ಬರೆದುಕೊಳ್ಳಲು ಯಾರು ಉಳಿಯುತ್ತಾರೆ? ಮನವಿ ಕೊಟ್ಟರೆ ಎಂಟು ದಿನ ಯಾರನ್ನೋ ಕಳುಹಿಸುತ್ತಾರೆ, ಒಂಬತ್ತನೆಯ ದಿನ ಬಂದೋಬಸ್ತಿಗೆ ಕರೆಸಿಕೊಳ್ಳುತ್ತಾರೆ. ಬೈಕಿನ ಹುಡುಗರಿಗೆ ಆ ಲೆಕ್ಕ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ದೂರದೇಶದ ಜೇವರ್ಗಿಯವ

ನಮ್ಮ ಅಕ್ಕನ ಮಕ್ಕಳು ಅಮೆರಿಕದ ಟೆಕ್ಸಾಸ್‌ನಲ್ಲಿ ಓದುತ್ತಾರೆ. ಅಲ್ಲಿ ಅವರ ಶಾಲೆಯೊಳಗೇ ಸೊಂಟದಲ್ಲಿ ಬಂದೂಕು ಇರುವ ಪೊಲೀಸ್ ಅಧಿಕಾರಿ ಇರುತ್ತಾನೆ, ಮಕ್ಕಳ ಜೊತೆ ಬಾಸ್ಕೆಟ್‌ಬಾಲ್ ಕೂಡ ಆಡುತ್ತಾನೆ. ಅಲ್ಲಿ ಇದು ಹೊಸದೇನಲ್ಲ, ಮಿಚಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನಲ್ಲಿ 1950ರ ದಶಕದಲ್ಲೇ ಶುರುವಾದದ್ದು. ಮುಂದುವರಿದ ದೇಶದವರು ಮಾಡಿದ್ದು ನಮಗೇಕೆ ಬೇಡ?

ಕೋರ್ಟ್ ರಸ್ತೆ ವಕೀಲ

ಅದೇ ಅಮೆರಿಕದ ಮುಂದಿನ ಕಥೆಯನ್ನೂ ಹೇಳಿಬಿಡಿ. 2018ರ ಫೆಬ್ರವರಿಯಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿಗೆ 17 ಜನ ಸತ್ತಾಗ ಆ ಶಾಲೆಗೆಂದೇ ನೇಮಿಸಿದ್ದ ಸಶಸ್ತ್ರ ಅಧಿಕಾರಿ ಕಟ್ಟಡದ ಹೊರಗೇ ನಿಂತಿದ್ದ. 2022ರ ಮೇ ತಿಂಗಳಲ್ಲಿ ನಿಮ್ಮ ಅಕ್ಕನವರ ಟೆಕ್ಸಾಸ್‌ನಲ್ಲೇ, ಯುವಾಲ್ಡೆ ಎಂಬ ಊರಿನಲ್ಲಿ, 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಬಲಿಯಾದರು. ಆ ಶಾಲಾ ಜಿಲ್ಲೆಗೆ ಅದರದ್ದೇ ಪೊಲೀಸ್ ಇಲಾಖೆ ಇತ್ತು. ನೂರಾರು ಪೊಲೀಸರು ಬಂದು ಸೇರಿದರೂ ಒಳಹೊಕ್ಕು ಕೊಲೆಗಾರನನ್ನು ಹೊಡೆಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಇನ್ನೊಂದು ಕಡೆ, 2020ರಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯ ಸತ್ತ ನಂತರ ಮಿನಿಯಾಪೊಲಿಸ್ ಶಾಲಾ ಮಂಡಳಿಯು ಪೊಲೀಸರೊಂದಿಗಿನ ಒಪ್ಪಂದವನ್ನೇ ಮುರಿದುಕೊಂಡಿತು.

ದೂರದೇಶದ ಜೇವರ್ಗಿಯವ

ಡೆನ್ವರ್ ನಗರದವರೂ ಹಾಗೆಯೇ ಶಾಲೆಗಳಿಂದ ಪೊಲೀಸರನ್ನು ತೆಗೆದುಹಾಕಿ, 2023ರಲ್ಲಿ ಶಾಲೆಯೊಂದರಲ್ಲಿ ಗುಂಡು ಹಾರಿದ ಮೇಲೆ ವಾಪಸ್ ಕರೆಸಿಕೊಂಡರು. ಅದನ್ನೂ ಹೇಳಬೇಕಲ್ಲವೇ ವಕೀಲರೇ? ಆದರೂ ಒಂದು ಒಪ್ಪುತ್ತೇನೆ, ಅವರ ರೋಗ ಬಂದೂಕಿನದು, ನಮ್ಮಲ್ಲಿ ಆ ರೋಗವಿಲ್ಲ.

ಬಿದರಿ ಕುಸುರಿ

ಅಮೆರಿಕದವರೆಗೆ ಹೋಗುವುದೇಕೆ? ನಮ್ಮ ಬೀದರನ್ನೇ ನೋಡಿ. 2020ರ ಜನವರಿಯಲ್ಲಿ ಇಲ್ಲಿನ ಒಂದು ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಕುರಿತು ಒಂದು ನಾಟಕ ಆಡಿದರು. ರಾಜದ್ರೋಹದ ಪ್ರಕರಣ ದಾಖಲಾಯಿತು, ಮುಖ್ಯಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ಜೈಲಿಗೆ ಹೋದರು, ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಪ್ರಾಥಮಿಕ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಸಮವಸ್ತ್ರದಲ್ಲಿ, ಆಯುಧದೊಂದಿಗೆ ಮಕ್ಕಳನ್ನು ಪ್ರಶ್ನಿಸಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು 2021ರ ಆಗಸ್ಟ್‌ನಲ್ಲಿ ಹೈಕೋರ್ಟ್ ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠವು ಆ ಪ್ರಕರಣವನ್ನೇ ರದ್ದುಪಡಿಸಿತು.

ಆ ದಿನಗಳಲ್ಲಿ ನನ್ನ ಮಗಳು ಬೇರೆ ಶಾಲೆಯಲ್ಲಿ 4ನೇ ತರಗತಿ ಓದುತ್ತಿದ್ದಳು. ವಾರ್ಷಿಕೋತ್ಸವದ ನಾಟಕದಲ್ಲಿ ಅವಳದು ಮರದ ಪಾತ್ರ. ಮಾತೇ ಇಲ್ಲದ ಪಾತ್ರ. "ಪಪ್ಪಾ, ಮರ ಆದರೂ ಪೊಲೀಸರು ಕೇಳುತ್ತಾರಾ?" ಎಂದು ಕೇಳಿದಳು.

ಶಹಾಬಜಾರದ ಅಣ್ಣ

ಈಗ ರಾಜಕೀಯ ಬಂತು ನೋಡಿ. ಆ ನಾಟಕ ಸರಿಯೋ ತಪ್ಪೋ ಎಂದು ಶುರು ಮಾಡಿದರೆ ನಾನೂ ನಾಲ್ಕು ಮಾತು ಬರೆಯಬಲ್ಲೆ.

ನಿರ್ವಾಹಕ

ದಯವಿಟ್ಟು ಬರೆಯಬೇಡಿ. ನಾಟಕದ ಒಳಗೇನಿತ್ತು ಎಂಬುದು ಇಲ್ಲಿನ ವಿಷಯವಲ್ಲ, ಮಕ್ಕಳನ್ನು ಪೊಲೀಸರು ಹೇಗೆ ಮಾತನಾಡಿಸಬೇಕು ಎಂಬುದು ವಿಷಯ. ಮುಂದುವರಿಯಿರಿ.

ಸುರಪುರ ಟೀಚರ್

ನಾನು ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಪೊಲೀಸರೇ ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಗೇಟಿಗೆ ಬೇಕು ಎನ್ನುವವರ ಮಾತನ್ನೂ ಒಪ್ಪುವುದಿಲ್ಲ. ಎರಡು ವರ್ಷದ ಹಿಂದೆ 10ನೇ ತರಗತಿಯ ಒಬ್ಬ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಅವಳ ಗೆಳತಿ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ "ಟೀಚರ್, ಆಕೆಗೆ ಸೋಮವಾರ ಅರಿಷಿಣ" ಎಂದು ಬರೆದು, ಲೆಕ್ಕ ತೋರಿಸುವ ನೆಪದಲ್ಲಿ ನನ್ನ ಮೇಜಿನ ಮೇಲಿಟ್ಟು ಹೋದಳು. ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಪೊಲೀಸರೂ ಮಹಿಳಾ ಮತ್ತು ಮಕ್ಕಳ ಇಲಾಖೆಯವರೂ ಕೂಡಿಯೇ ಬಂದರು, ಮದುವೆ ನಿಂತಿತು. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ನಡೆದರೂ ಅದು ಮೊದಲಿಂದಲೇ ಅಸಿಂಧು ಎಂಬುದನ್ನು ಬಂದಿದ್ದ ಮಹಿಳಾ ಪಿಎಸ್‌ಐ ಕಟ್ಟೆಯ ಮೇಲೆ ಕುಳಿತು ಹುಡುಗಿಯ ಅಜ್ಜಿಗೆ ಅರ್ಧ ಗಂಟೆ ತಿಳಿಸಿ ಹೇಳಿದರು. ಪೊಲೀಸರಿಲ್ಲದೆ ಅದು ಆಗುತ್ತಿರಲಿಲ್ಲ.

ಆದರೆ ಅದೇ ಸಂಜೆ ಜೀಪಿನ ಪಕ್ಕ ನಿಂತಿದ್ದ ಇನ್ನೊಬ್ಬ ಸಿಬ್ಬಂದಿ "ನಿಮ್ಮ ಸಾಲಿ ಅಕ್ಕೋರೇ ಫೋನ್ ಮಾಡ್ಯಾರ" ಎಂದು ಊರವರಿಗೆ ಹೇಳಿಬಿಟ್ಟರು. ಮೂರು ತಿಂಗಳು ಆ ಓಣಿಯ ಹೆಣ್ಣುಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ. ಮೊದಲು ಬಾಯಿಗೆ ಬೀಗ ಹಾಕುವ ತರಬೇತಿ ಆಗಲಿ, ಗೇಟಿನ ಮಾತು ಆಮೇಲೆ.

ಹೆಡ್ ಕಾನ್‌ಸ್ಟೆಬಲ್ ಮನೆಯವರು

ಅದು ತಪ್ಪೇ, ಅಕ್ಕೋರೇ. ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ.

ಖಾಕಿ ಕನಸು

1098 ಎಂಬುದು ಸ್ವಯಂಸೇವಾ ಸಂಸ್ಥೆಯೊಂದರ ಸಹಾಯವಾಣಿಯಲ್ಲವೇ? ಅದಕ್ಕೂ ಪೊಲೀಸರಿಗೂ ಏನು ಸಂಬಂಧ?

ಸುರಪುರ ಟೀಚರ್

ಮೊದಲು ಹಾಗಿತ್ತು. 2023ರಲ್ಲಿ ಅದನ್ನು ಸರ್ಕಾರವೇ ವಹಿಸಿಕೊಂಡು ತುರ್ತು ಸಹಾಯದ 112ರೊಂದಿಗೆ ಜೋಡಿಸಿದೆ.

ಗಜಕಡ್ಡಿ

ಬೈಕಿನ ಹುಡುಗರು ಗೇಟಿನ ಎದುರೇ ಏಕೆ ನಿಲ್ಲುತ್ತಾರೆ ಎಂದು ಯಾರಾದರೂ ನೋಡಿದ್ದೀರಾ? ನಮ್ಮ ಓಣಿಯ ಶಾಲೆಯ ಎದುರು ನಿಲ್ಲುತ್ತಿದ್ದುದಕ್ಕೆ ಕಾರಣ ಒಂದು ಪಾನ್ ಡಬ್ಬಿ. ಮುಂದೆ ಬಿಸ್ಕತ್ತು, ಚಿಕ್ಕಿ, ಕುರ್ಕುರೆಯ ಪೊಟ್ಟಣಗಳ ಸಾಲು, ಅದರ ಹಿಂದೆ ಗುಟಕಾ ಮಾಲೆ. ಐದು ರೂಪಾಯಿ ಹಿಡಿದು ಬಂದ ಮಗು ಯಾವುದನ್ನು ಕೇಳಿದರೂ ಕೊಡುತ್ತಿದ್ದ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಆ ದೂರವನ್ನು ಶಾಲೆಯ ಕಂಪೌಂಡ್ ಗೋಡೆಯಿಂದ ಅಳೆಯಬೇಕು. ಡಬ್ಬಿಯವನು ಮಾತ್ರ ಮುಖ್ಯಗುರುಗಳ ಕೋಣೆಯಿಂದ ಅಳೆದು ತೋರಿಸುತ್ತಿದ್ದ! ನಾವು ನಾಲ್ಕು ಜನ ಪಾಲಕರು ಗೌಂಡಿಯೊಬ್ಬನ ಟೇಪು ತಂದು ಗೋಡೆಯಿಂದ ಅಳೆದೆವು, 38 ಗಜ ಬಂತು. ಫೋಟೊ ಸಮೇತ ಠಾಣೆಗೂ ಪಾಲಿಕೆಗೂ ಅರ್ಜಿ ಕೊಟ್ಟೆವು. ಇದರ ಜೊತೆಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮನ್ನೂ ನಮೂದಿಸಿದೆವು, ಮಗುವಿಗೆ ತಂಬಾಕು ಕೊಟ್ಟವನಿಗೆ ಅದರಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಡಬ್ಬಿ ಅಲ್ಲಿಂದ ಎತ್ತಿಸಿದ ಹದಿನೈದು ದಿನದಲ್ಲಿ ಬೈಕುಗಳೂ ಹೋದವು. ನೆರಳೂ ಇಲ್ಲ, ಸಿಗರೇಟೂ ಇಲ್ಲ ಎಂದ ಮೇಲೆ ಕಲಬುರಗಿಯ ಬಿಸಿಲಿನಲ್ಲಿ ಯಾರು ನಿಲ್ಲುತ್ತಾರೆ?

ಶಹಾಬಜಾರದ ಅಣ್ಣ

ಇದು ಮಾತ್ರ ಕೆಲಸದ ಮಾತು. ಟೇಪಿನ ಐಡಿಯಾ ಚೆನ್ನಾಗಿದೆ.

ಚಿತ್ತಾಪುರ ಬಸ್ಸಿನ ತಾಯಿ

ಎಲ್ಲರೂ ಗೇಟು ಗೇಟು ಎನ್ನುತ್ತಿದ್ದೀರಿ. ನನ್ನ ಮಗಳು ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ದಿನವೂ ಬಸ್ಸಿನಲ್ಲಿ ಓದಲು ಹೋಗುತ್ತಾಳೆ. ಶಾಲೆಯೊಳಗೆ ಅವಳಿಗೆ ಯಾವ ಭಯವೂ ಇಲ್ಲ. ಭಯವಿರುವುದು ಸಂಜೆ ನಾಲ್ಕೂವರೆಯಿಂದ ಬಸ್ಸು ಬರುವವರೆಗೆ ನಿಲ್ದಾಣದಲ್ಲಿ ಕಾಯುವ ಒಂದು ಗಂಟೆಯಲ್ಲಿ, ಮತ್ತು ಬಸ್ಸು ತುಂಬಿ ಹೋದ ದಿನ ಟಂಟಂನಲ್ಲಿ ಗಂಡಸರ ನಡುವೆ ಒತ್ತಿ ಕುಳಿತು ಬರುವ ಆ ಹನ್ನೊಂದು ಕಿಲೋಮೀಟರಿನಲ್ಲಿ. ಪೊಲೀಸರನ್ನು ಬೇಡುವುದಾದರೆ ಅಲ್ಲಿಗೆ ಬೇಡಿರಿ. ಒಬ್ಬ ಮಹಿಳಾ ಪೇದೆ ಸಂಜೆ ಒಂದೂವರೆ ಗಂಟೆ ನಿಲ್ದಾಣದಲ್ಲಿ ಓಡಾಡಿದರೆ ನೂರು ಹುಡುಗಿಯರು ನೆಮ್ಮದಿಯಿಂದ ಮನೆ ಸೇರುತ್ತಾರೆ.

ಜಗತ್ ವೃತ್ತದವ

ಒಂದು ತಮಾಷೆ ಹೇಳುತ್ತೇನೆ, ಆದರೆ ನಿಜ. ನಮ್ಮ ಮಕ್ಕಳ ಶಾಲೆಯ ಪಾಲಕರ ಸಭೆಯಲ್ಲಿ ಪೊಲೀಸ್ ಬೇಕೆಂದು ಮೊದಲು ಕೈ ಎತ್ತಿದವರ ಮಗ 14 ವರ್ಷದವನು, ಸ್ಕೂಟಿಯಲ್ಲಿ ಹಿಂದೆ ಇಬ್ಬರನ್ನು ಕೂರಿಸಿಕೊಂಡು ಬರುತ್ತಾನೆ. ಮರುವಾರ ಸಂಚಾರ ಪೊಲೀಸರು ಶಾಲೆಯ ತಿರುವಿನಲ್ಲೇ ನಿಂತು ಅವನನ್ನು ಹಿಡಿದರು. ಅಪ್ರಾಪ್ತನ ಕೈಗೆ ಗಾಡಿ ಕೊಟ್ಟ ಪಾಲಕನಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ ಎಂದು 2019ರಿಂದ ಕಾಯ್ದೆಯಲ್ಲೇ ಇದೆ. ಅಂದು ಆ ತಂದೆ ಎಷ್ಟು ಜನ ದೊಡ್ಡವರಿಗೆ ಫೋನ್ ಮಾಡಿಸಿದರು ಎಂದು ಲೆಕ್ಕ ಇಟ್ಟವರು ಯಾರೂ ಇಲ್ಲ. ಪೊಲೀಸ್ ಬೇಕು, ಆದರೆ ಬೇರೆಯವರ ಮಕ್ಕಳಿಗೆ.

ಆಳಂದ ರಸ್ತೆಯ ಪಾಲಕ

ಇಂದು ಮುಖ್ಯಗುರುಗಳನ್ನು ಕರೆದುಕೊಂಡು ಠಾಣೆಗೆ ಹೋಗಿಬಂದೆ. ಗೋಡೆಯ ಮೇಲೆ ಫಲಕವಿತ್ತು. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂಬುದರ ಮುಂದೆ ಬರೆದಿದ್ದ ಹೆಸರಿನವರು ವರ್ಗವಾಗಿ ಬಹಳ ದಿನವಾಗಿದೆಯಂತೆ, ಈಗಿನವರ ಹೆಸರನ್ನು ಇನ್ನೂ ಬರೆಸಿಲ್ಲ. ಈಗಿನವರು ಐವತ್ತು ದಾಟಿದ ಒಬ್ಬ ಎಎಸ್‌ಐ. ನಮ್ಮನ್ನು ಕೂರಿಸಿ ಚಹಾ ತರಿಸಿದರು. ಶಾಲೆಯಿಂದ ಈ ಕೆಲಸಕ್ಕೆ ತಮ್ಮನ್ನು ಹುಡುಕಿಕೊಂಡು ಬಂದವರಲ್ಲಿ ನಾವೇ ಮೊದಲಿಗರು ಎಂದರು. ಬ್ಲೇಡಿನ ವಿಷಯ ಕೇಳಿ, "ಇಬ್ಬರೂ ಈಗ ಮಾತಾಡ್ತಾರಾ?" ಎಂದು ವಿಚಾರಿಸಿದರು. ಮುಖ್ಯಗುರುಗಳು ಹೌದೆಂದಾಗ, "ಹಂಗಾದ್ರ ಅದನ್ನ ನನ್ನ ಹತ್ರ ತರಬ್ಯಾಡ್ರಿ, ನಿಮ್ಮ ಹತ್ರಾನೇ ಇಟ್ಕೋರಿ" ಎಂದರು.

ಬೈಕುಗಳ ನಂಬರು ಬರೆದುಕೊಟ್ಟಿದ್ದೇವೆ. ಬೀಟಿನವರು ಶಾಲೆ ಬಿಡುವ ಹೊತ್ತಿಗೆ ಆ ರಸ್ತೆಯಲ್ಲಿ ಒಂದು ಸುತ್ತು ಹಾಕುವುದಾಗಿ ಒಪ್ಪಿದ್ದಾರೆ. ಎಎಸ್‌ಐ ಅವರು ತಿಂಗಳಿಗೊಮ್ಮೆ ಶಾಲೆಗೆ ಬಂದು ಮಕ್ಕಳೊಂದಿಗೆ ಕುಳಿತುಕೊಳ್ಳುತ್ತಾರೆ. ಮುಖ್ಯಗುರುಗಳು ಒಂದೇ ಷರತ್ತು ಹಾಕಿದರು, ಮೊದಲ ಸಲ ಸಮವಸ್ತ್ರ ಬೇಡ ಎಂದು. ಅವರು ನಕ್ಕು, "ಟೊಪ್ಪಿಗಿ ಇಲ್ಲದಿದ್ರ ನಾನು ಯಾರು ಅಂತ ಹುಡುಗರಿಗೆ ಹೆಂಗ ಗೊತ್ತಾಗ್ತದ್ರೀ?" ಎಂದರು. ಸಾದಾ ಅಂಗಿಯಲ್ಲೇ ಬರುತ್ತಾರೆ.

ನಿವೃತ್ತ ಮುಖ್ಯಗುರು, ಸೇಡಂ

ಅವರನ್ನು ನಿಮ್ಮ ಮುಖ್ಯಗುರುಗಳ ಕುರ್ಚಿಯಲ್ಲಿ ಕೂರಿಸಬೇಡಿ. ಬೇರೆ ಕುರ್ಚಿ ಹಾಕಿಸಿರಿ.

ಶಹಾಬಜಾರದ ಅಣ್ಣ

ಕಾಯಂ ಒಬ್ಬ ಇದ್ದರೆ ಚೆನ್ನಾಗಿತ್ತು ಎಂಬ ನನ್ನ ಮಾತು ಹಾಗೆಯೇ ಇದೆ. ಇರಲಿ, ನಿಮ್ಮ ಗೇಟಿನ ಎದುರೂ ಪಾನ್ ಡಬ್ಬಿ ಇದೆಯೇ?

ಆಳಂದ ರಸ್ತೆಯ ಪಾಲಕ

ಎರಡಿವೆ ಅಣ್ಣಾ. ಭಾನುವಾರ ಬೆಳಿಗ್ಗೆ ಅಳೆಯುವವರಿದ್ದೇವೆ. ಗಜಕಡ್ಡಿಯವರೇ, ಆ ಟೇಪು ಎಷ್ಟು ಉದ್ದದ್ದು?

ಗಜಕಡ್ಡಿ

ಮೂವತ್ತು ಮೀಟರಿನದು, ಮೂರು ಸಲ ಹಿಡಿದು ಮೇಲೆ ಒಂದೂವರೆ ಮೀಟರು ಸೇರಿಸಿದರೆ ನೂರು ಗಜ. ಎರಡನೆಯ ತುದಿ ಹಿಡಿಯಲು ಒಬ್ಬ ಪಾಲಕರನ್ನು ಕರೆದುಕೊಂಡು ಬನ್ನಿ. ಮಕ್ಕಳ ಕೈಗೆ ಕೊಡಬೇಡಿ, ಡಬ್ಬಿಯವನು ಮುಖ ಗುರುತಿಟ್ಟುಕೊಳ್ಳುತ್ತಾನೆ.